ವಠಾರದ ಒರಳುಕಲ್ಲು

ಬೆಳಿಗ್ಗೆ ಪ್ಯಾಕೆಟ್ ಕತ್ತರಿಸಿ ಕಾವಲಿಗೆ ಹಿಟ್ಟು ಹೊಯ್ದೆ. ಆ ಹುಳಿವಾಸನೆಗೆ ರಾಜಾಜಿನಗರದ ನಮ್ಮ ವಠಾರ ನೆನಪಾಯಿತು.

ಆರು ಮನೆಗೆ ಒಂದೇ ಒರಳುಕಲ್ಲು. ಶನಿವಾರ ನಮ್ಮ ಸರದಿ, ಹಾಗಾಗಿ ನಮಗೆ ದೋಸೆ ಭಾನುವಾರ ಮಾತ್ರ. ನಲ್ಲಿ ನೀರಿಗೆ ಜಗಳವಾಡಿ ಅಮ್ಮ ಮತ್ತು ಪಕ್ಕದ ಮನೆಯ ಪದ್ಮಮ್ಮ ಮಾತು ಬಿಟ್ಟಿದ್ದರು. ಒಂದು ಶನಿವಾರ ಅಮ್ಮನಿಗೆ ಜ್ವರ ಬಂತು, ರುಬ್ಬಲಾಗಲಿಲ್ಲ. ಮರುದಿನ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ಪಾತ್ರೆ ತುಂಬ ಉಕ್ಕಿದ ಹಿಟ್ಟು. ಪಾತ್ರೆಯ ಅಂಚಿನಲ್ಲಿ ಪದ್ಮಮ್ಮನ ಹೆಸರು ಕೆತ್ತಿತ್ತು.

ಅಮ್ಮ ಎದ್ದು, ಮೊದಲ ದೋಸೆ ನನ್ನ ಕೈಗಿಟ್ಟಳು. "ಅವ್ರಿಗೆ ಕೊಟ್ಟು ಬಾ. ಮಾತಾಡ್ಬೇಡ ಕಣೇ."

ಪದ್ಮಮ್ಮ ಬಾಗಿಲಲ್ಲೇ ಮುರಿದು ತಿಂದರು. "ಉಪ್ಪು ಸಾಲ್ದು ಅಂತ ಹೇಳು ನಿಮ್ಮಮ್ಮಂಗೆ."

"ರುಬ್ಬಿದವ್ರು ಹಾಕ್ಬೇಕಿತ್ತು!" ಅಮ್ಮ ಒಳಗಿಂದಲೇ ಕೂಗಿದಳು. ಎಷ್ಟೋ ತಿಂಗಳ ಮೇಲೆ ಅದೇ ಮೊದಲ ಮಾತು.

ಕಾವಲಿಯ ಮೇಲಿನ ದೋಸೆ ಮಗುಚಿದೆ. ನನಗೆ ಪಕ್ಕದ ಫ್ಲಾಟಿನವರ ಜೊತೆ ಜಗಳವಾಡುವಷ್ಟೂ ಪರಿಚಯವಿಲ್ಲ.