ಬಲಗಡೆ ನಿಂತವಳು

ಗಾಲ್ಫ್ ಆಡೋಣ ಬನ್ನಿ ಎಂದು ಬೀಗರು ಊಟಿಗೆ ಕರೆದಾಗ ನಾನು ಹೂಂ ಅಂದುಬಿಟ್ಟೆ. ಅನ್ನಬಾರದಾಗಿತ್ತು.

ಅದಕ್ಕೆ ಕೆಲವು ತಿಂಗಳ ಮೊದಲು ಗಂಗಾವತಿಯ ಕಣ್ಣಿನ ಡಾಕ್ಟರು, ನನ್ನ ಬಲಗಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದಿದ್ದರು. ಎದುರಿಗಿದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು. ಬಲಗಡೆಯಿಂದ ಯಾರಾದರೂ ಬಂದರೆ ಮಾತ್ರ ಗೋಡೆಯೊಳಗಿಂದ ಎದ್ದು ಬಂದ ಹಾಗಾಗುತ್ತಿತ್ತು. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಸ್ಕೂಟರ್ ಕೀಲಿ ಕಸಿದುಕೊಳ್ಳುತ್ತಾಳೆ, ಅಷ್ಟೇ ನನ್ನ ಯೋಚನೆ.

ಬೀಗರೆಂದರೆ ನನ್ನ ಮಗಳ ಮಾವ. ಮಿಲಿಟರಿಯಿಂದ ನಿವೃತ್ತರಾಗಿ ಬೆಳಗಾವಿಯಲ್ಲಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದವನು. ಹೆಣ್ಣು ಕೊಟ್ಟವರು ಬೀಗರ ಮಾತಿಗೆ ಒಲ್ಲೆ ಅನ್ನುವ ರೂಢಿ ನಮ್ಮಲ್ಲಿಲ್ಲ. ದೀಪಾವಳಿಗೆ ಬಂದಾಗ ತಮ್ಮ ಹಳೆಯ ಗಾಲ್ಫ್ ಕೋಲೊಂದನ್ನೂ ಒಂದು ಚೀಲ ಚೆಂಡುಗಳನ್ನೂ ಕೊಟ್ಟು, ಅಂಗಳದಲ್ಲಿ ನಿಲ್ಲುವ ರೀತಿ ತೋರಿಸಿದರು.

"ತಲಿ ಎತ್ತಬ್ಯಾಡ್ರಿ ಬೀಗರ, ಚಂಡು ಹೋದಮ್ಯಾಲ ನೋಡ್ರಿ. ಊಟಿಗೆ ಬರೂದ್ರಾಗ ಕೈ ಪಳಗಿಸ್ಕೊಳ್ರಿ. ನನ್ನ ದೋಸ್ತರ ಮುಂದ ಮರ್ಯಾದಿ ಉಳಸ್ರಿ."

ಆನೆಗೊಂದಿ ರಸ್ತೆಯ ಪಕ್ಕ ನಮ್ಮದೊಂದು ಸಣ್ಣ ಗದ್ದೆಯಿದೆ. ಭತ್ತ ಕೊಯ್ದು ಕೂಳೆ ಮಾತ್ರ ಉಳಿದಿತ್ತು. ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಬೀಸುತ್ತಿದ್ದೆ. ಕೋಲು ಒಮ್ಮೆ ಮಣ್ಣು ಅಗೆಯುತ್ತಿತ್ತು, ಒಮ್ಮೆ ಗಾಳಿ ಹೊಡೆಯುತ್ತಿತ್ತು. ಚೆಂಡಿಗೆ ಕೋಲು ತಾಗುವ ಮೊದಲೇ ನನ್ನ ತಲೆ ಮೇಲೇಳುತ್ತಿತ್ತು. ಚಿನ್ನಿದಾಂಡು ಆಡಿ ಬೆಳೆದವನು ನಾನು. ಚಿನ್ನಿ ಹಾರಿತೆಂದರೆ ಯಾರಾದರೂ ಹಿಡಿದಾರೆಂದು ಕತ್ತೆತ್ತಿ ನೋಡುವ ಚಟ ಈ ವಯಸ್ಸಿಗೂ ಹೋಗಿಲ್ಲ.

ಕೂಳೆಯಲ್ಲಿ ಚೆಂಡು ಆರಿಸಿ ಕೊಡಲು ಬರುತ್ತಿದ್ದ ಹೆಂಡತಿ ನಕ್ಕಳು. "ಅದೇನ್ ಚಿನ್ನಿ ಅಲ್ರಿ, ಯಾರೂ ಹಿಡ್ಯಾಕ ನಿಂತಿಲ್ಲ. ತಲಿ ತೆಳಗ ಇಡ್ರಿ."

ಮರುದಿನ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲನ್ನು ಅವಳೇ ತಂದಳು. ನನ್ನೆದುರು ದೂರದಲ್ಲಿ ನಿಂತು ಅದರ ತುದಿಯನ್ನು ನನ್ನ ಟೋಪಿಯ ಮೇಲೆ ಇಟ್ಟಳು. ತಲೆ ಎದ್ದರೆ ಕೋಲು ಒತ್ತುತ್ತಿತ್ತು. ಮೂರು ಚೆಂಡು ನೆಟ್ಟಗೆ ಹೋದವು. ನನಗೆ ಹುರುಪು ಬಂತು. ನಾಲ್ಕನೆಯದು ಗಾಲ್ಫ್ ಕೋಲಿನ ಅಂಚಿಗೆ ತಾಗಿ ನನ್ನ ಬಲಗಾಲ ಹಿಂದಕ್ಕೆ ಉರುಳಿತು. ಅವಳು ತನ್ನ ಕೋಲು ಕೆಳಗಿಟ್ಟು ಆ ಚೆಂಡನ್ನು ಆರಿಸಲು ಬಂದಳು. ದೂರದ ಚೆಂಡುಗಳಿಗೆ ಹೋದಳೆಂದುಕೊಂಡು ನಾನು ಇನ್ನೊಂದು ಚೆಂಡು ಇಟ್ಟುಕೊಂಡು ಕೋಲನ್ನು ಬಲಗಡೆ ಹಿಂದಕ್ಕೆ ಎತ್ತಿದೆ.

ಬಳೆ ಒಡೆದ ಸದ್ದು ಕೇಳಿತು. ಆಮೇಲೆ ಅವಳ ಕೂಗು.

ಮುಂಗೈ ಹಿಡಿದುಕೊಂಡು ಕೂಳೆಯಲ್ಲಿ ಕುಳಿತಿದ್ದಳು. ಒಂದು ಗೇಣು ಮೇಲಾಗಿದ್ದರೆ ಅವಳ ಕಪಾಳ. ಆ ಗಾಬರಿಯಲ್ಲಿ ಬಾಯಿಂದ ಬಂದದ್ದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

"ಕಣ್ಣ ಕಾಣಂಗಿಲ್ಲೇನ ನಿನಗ? ಕೋಲಿನ ಬಾಯಾಗ ಯಾಕ ಬಂದಿ?"

"ನಂದ ತಪ್ಪಾತ್ರಿ," ಅಂದಳು.

ಎಲುಬು ಬಿರಿದಿತ್ತು. ಆಸ್ಪತ್ರೆಯಲ್ಲಿ ಅವಳು ಡಾಕ್ಟರಿಗೆ, ಬಚ್ಚಲಲ್ಲಿ ಜಾರಿ ಬಿದ್ದೆ ಅಂದಳು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ರಾತ್ರಿ ಮಗಳಿಗೂ ಫೋನಿನಲ್ಲಿ ಅದನ್ನೇ ಹೇಳಿದಳು. ಮಗಳು ನನ್ನ ಕೈಗೆ ಫೋನು ಕೊಡಿಸಿ, "ಅಪ್ಪಾಜಿ, ಊಟಿಗೆ ಬರೂದು ತಪ್ಪಿಸಬ್ಯಾಡ್ರಿ, ನಿಮ್ಮ ಮೊಮ್ಮಗಳು ಅಜ್ಜನ ಕೂಡ ಆಡ್ತೀನಿ ಅಂತ ಕುಂತಾಳ" ಅಂದಳು.

ಆ ಕೂಸು ಯಾವಾಗಲೂ ನನ್ನ ಬಲಗೈ ಬೆರಳು ಹಿಡಿದೇ ನಡೆಯುತ್ತದೆ. ಊಟಿಯ ಹುಲ್ಲಿನ ಮೇಲೆ ಎಲ್ಲರೂ ನೋಡುತ್ತಿರುವಾಗ ನಾನು ಬೆರಳು ಬಿಡಿಸಿಕೊಂಡು ಕೋಲು ಹಿಡಿಯುತ್ತೇನೆ. ಕೂಸು ಅಲ್ಲೇ ನಿಂತಿರುತ್ತದೆ. ಅವಳ ತಲೆ ನನ್ನ ಸೊಂಟದಷ್ಟು ಎತ್ತರ. ಕಣ್ಣು ಮುಚ್ಚಿದರೆ ಬಳೆಯ ಸದ್ದೇ ಕೇಳುತ್ತಿತ್ತು.

ಬೆಳಿಗ್ಗೆ ಚಹಾ ಕುಡಿಯುವಾಗ ಹೆಂಡತಿಗೆ ಎಲ್ಲ ಹೇಳಿದೆ. ಅತ್ತಾಳೆಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

"ಕಣ್ಣ ಹೋಗಿದ್ದು ನಿಮ್ಮದು, ಬೈಸ್ಕೊಂಡಾಕಿ ನಾನು! ಆ ಸ್ಕೂಟರಿನ ಮ್ಯಾಲ ನನ್ನ ಹಿಂದ ಕುಂಡ್ರಿಸ್ಕೊಂಡು ಕನಕಗಿರಿಗೆ ಹೋಗಿದ್ರೆಲ್ಲ?"

"ಹೋಗಿದ್ದೆ."

"ಕೀಲಿ ಕೊಡ್ರಿ ಇಲ್ಲಿ."

ಕೊಟ್ಟೆ. ಅವಳು ಎಡಗೈಯಿಂದಲೇ ಬೀಗರ ನಂಬರು ಒತ್ತಿ ಫೋನನ್ನು ನನ್ನ ಮುಂದೆ ಹಿಡಿದಳು. ಕಣ್ಣಿನ ವಿಷಯ, ಹೆಂಡತಿಯ ಕೈ ಮುರಿದ ವಿಷಯ ಎರಡೂ ಹೇಳಿದೆ.

"ಇಷ್ಟ ದಿನ ಮುಚ್ಚಿಟ್ರೆಲ್ಲ ಬೀಗರ," ಅಂದರು. ದನಿಯಲ್ಲಿ ನಗು ಇರಲಿಲ್ಲ. "ನನ್ನ ಮೊಮ್ಮಗಳೂ ಬರಾಕಿದ್ಲು." ಆಮೇಲೆ ಸ್ವಲ್ಪ ಮೆತ್ತಗಾಗಿ, "ಬೀಗತಿಯವರ ಕೈ ನೆಟ್ಟಗಾಗ್ಲಿ. ಇಬ್ರೂ ಬರ್ರಿ. ಆದ್ರ ನೀವು ಕೋಲು ಮುಟ್ಟಂಗಿಲ್ಲ" ಅಂದರು.

ಊಟಿಗೆ ಹೋದೆವು. ಬೀಗರು ಆಡಿದರು. ನಾನು ಹುಲ್ಲಿನ ಅಂಚಿನ ಬೆಂಚಿನಲ್ಲಿ ಕುಳಿತಿದ್ದೆ. ಮೊಮ್ಮಗಳು ಓಡಿ ಬಂದು ರೂಢಿಯಂತೆ ಬಲಗಡೆ ಕೂರಲು ಹೋದಳು. ಹೆಂಡತಿ ಅವಳನ್ನು ಎತ್ತಿ ನನ್ನ ಎಡಗಡೆ ಕೂರಿಸಿ, ತಾನು ಬಲಗಡೆ ಕುಳಿತಳು. ಅವಳ ಕೈಗೆ ಹೊಸ ಬಳೆ ಇನ್ನೂ ಏರಿರಲಿಲ್ಲ. ಸದ್ದಿಲ್ಲದ ಆ ಕಡೆಗೆ ನಾನು ಮತ್ತೆ ಮತ್ತೆ ಕತ್ತು ತಿರುಗಿಸಿ ನೋಡುತ್ತಲೇ ಇದ್ದೆ.