ಬಲಗಡೆ ಸ್ಪೀಕರಿನ ದನಿ

ಇಳಕಲ್ ಬಸ್ ಸ್ಟ್ಯಾಂಡ್ ಹತ್ತಿರ ನಂದೊಂದು ಸಿ.ಡಿ. ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡ್ತಾರ. ಊರ ಮಂದಿ ಇನ್ನೂ ನನ್ನ ಕಂಡ್ರ "ಕಾರ್ಟೂನ್ ಸಾವ್ಕಾರ್ರು ಬಂದ್ರು" ಅಂತ ನಗ್ತಾರ. ನಾನೂ ನಗತೇನಿ. ಒಳಗ ಎಷ್ಟು ಸುಡ್ತತಿ ಅವರಿಗೇನು ಗೊತ್ತು? ಧಂಧೆ ಮುಳುಗಿದ್ದಕ್ಕಲ್ಲ. ಧಂಧೆ ಎಲ್ಲಾರ್ದೂ ಮುಳುಗತಾವ. ಮುಳುಗೂ ಹೊತ್ತಿನ್ಯಾಗ ನಾ ಒಬ್ಬಾಕಿನ್ನ ನೀರಿಗೆ ನೂಕಿ ದಂಡಿ ಹತ್ತಿದೆ. ಅದನ್ನ ಹೇಳಬೇಕಾಗೇತಿ.

ಮೊದಲ ವಿಡಿಯೊ ಕ್ಯಾಸೆಟ್ ಬಾಡಿಗಿಗೆ ಕೊಡ್ತಿದ್ದೆ. ಆಮ್ಯಾಲ ಸಿ.ಡಿ. ಬಂದ್ವು. ಹುಬ್ಬಳ್ಳಿಯ ಒಬ್ಬ ಹೋಲ್‌ಸೇಲ್ ವ್ಯಾಪಾರಿ ಸಿನಿಮಾ ಸಿ.ಡಿ. ಜೋಡಿ ಜಪಾನಿನ ಕಾರ್ಟೂನೂ ಕೊಟ್ಟ. ಮುಳ್ಳಿನಂಗ ನಿಂತ ಕೂದಲಾ, ಬಟ್ಟಲದಂಥ ಕಣ್ಣು, ಆಕಾಶದಾಗ ಹಾರಿ ಹೊಡದಾಡೂ ಹುಡುಗ್ರು, ಮಾತೆಲ್ಲಾ ಹಿಂದಿ. "ಒಯ್ದು ನೋಡ್ರಿ, ಮಕ್ಕಳು ಹುಚ್ಚಾಗ್ತಾವ" ಅಂದ. ಹುಚ್ಚಾದ್ವು ಖರೆ. ವರ್ಷ ತುಂಬೂದ್ರಾಗ ಹುನಗುಂದ, ಬಾದಾಮಿ, ಬಾಗಲಕೋಟಿ, ಕುಳಗೇರಿ ಕ್ರಾಸಿನ ಪಾನ್ ಅಂಗಡಿತನಕ ನನ್ನ ಸಿ.ಡಿ. ಹೋಗಾಕತ್ತಿದ್ವು. ಮುಂಜಾನಿ ಬಸ್ಸಿನ ಡ್ರೈವರ್ ಕೈಯಾಗ ಪಾರ್ಸಲ್ ಕೊಟ್ರ ಮಧ್ಯಾಹ್ನಕ್ಕ ಮುಟ್ಟತಿತ್ತು. ಸ್ಕೂಟರ್ ತಗೊಂಡೆ. ಕಪ್ಪು ಚಷ್ಮಾ ಹಾಕ್ಕೊಂಡು ಅಡ್ಡಾಡಿದೆ. ಅಬಬಬ, ನನ್ನ ಡೌಲು ನೋಡಬೇಕಿತ್ತು ನೀವು.

ಒಂದಿನ ನೇಕಾರ ಓಣಿಯ ಮನಿಯೊಂದ್ರಿಂದ ಬಾಡಿಗಿ ಸಿ.ಡಿ. ವಾಪಸ್ ಬರಲಿಲ್ಲ ಅಂತ ನಾನ ಹುಡುಕ್ಕೊಂಡು ಹೋದೆ. ಬೇವಿನ ಗಿಡದ ಎದರಿನ ಮನಿ. ಬಾಗಿಲದಾಗ ಚಪ್ಪಲಿ ರಾಶಿ ಬಿದ್ದಿದ್ವು. ಒಳಗ ಓಣಿ ಮಕ್ಕಳೆಲ್ಲಾ ನೆಲದ ಮ್ಯಾಲ ಕುಂತಾವ, ಟಿ.ವಿ. ದನಿ ಪೂರ್ತಿ ಸಣ್ಣದು ಮಾಡೇತಿ, ಆ ಮನಿ ಹೆಣಮಗಳು ಮಗ್ಗದ ಕುಣ್ಯಾಗ ಕಾಲಿಟ್ಟು ನೇಯಕೋಂತ ಟಿ.ವಿ. ನೋಡಿ ಕಥಿ ಹೇಳಾಕತ್ತಾಳ. ಐವತ್ತರ ಆಸುಪಾಸಿನಾಕಿ. ಹಿಂದಿ ಅಂದ್ರ ಆಕಿಗೆ ಅಷ್ಟಕ್ಕಷ್ಟ. ಚಿತ್ರ ನೋಡಿ ಬಾಯಿಗೆ ಬಂದದ್ದು ಹೇಳೂದು. ಕಬ್ಬಿಣದ ದೊಡ್ಡ ಮನಷ್ಯಾ ಎದ್ದು ನಿಂತ್ರ, "ಯವ್ವಾ, ಹೊಟ್ಟಿ ಹಸದೈತಿ, ನಾಕ ರೊಟ್ಟಿ ಬಡದು ಕೊಡು, ಆಮ್ಯಾಲ ಊರು ಸುಡ್ತೇನಿ" ಅಂತಿದ್ಲು. ಕೆಟ್ಟ ರಾಜಾ ಬಂದ್ರ ದಪ್ಪ ದನಿ ತಗದು, ನೂಲು ಕೊಡೂ ವ್ಯಾಪಾರಿಯಂಗ "ಇವತ್ತ ಇಲ್ಲ, ನಾಳಿ ಬಾ" ಅಂತಿದ್ಲು. ಮಕ್ಕಳು ಬಿದ್ದು ಬಿದ್ದು ನಗತಿದ್ವು. ನಾನೂ ಬಾಗಿಲದಾಗ ನಿಂತು ನಕ್ಕೆ. ಸಿ.ಡಿ. ಕೇಳೂದು ಮರತ ಹೋತು.

ಬಾಗಲಕೋಟ್ಯಾಗ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನನ್ನ ಗೆಳ್ಯಾಗ ಇದನ್ನ ಹೇಳಿದೆ. ಅಂವ ಹಾದಿ ತೋರಿಸಿದ. ಸಿ.ಡಿ.ಗೆ ಎರಡು ದನಿ ಇರ್ತಾವಂತ, ಎಡಗಡೆ ಸ್ಪೀಕರಿಗೆ ಒಂದು, ಬಲಗಡೆಗೆ ಒಂದು. ಎಡಗಡೆ ಹಿಂದಿ ಹಂಗ ಬಿಟ್ಟು, ಬಲಗಡೆ ಆಕಿ ಕನ್ನಡ ಕೂಡಿಸೂದು. ಆಕಿನ್ನ ಕೇಳಿದೆ. "ಅಯ್ಯ, ನನ್ನ ದನಿ ಯಾರು ಕೇಳ್ತಾರ ತಮ್ಮಾ? ಹುಚ್ಚ ಅದಿ ಏನು ನೀ?" ಅಂತ ನಕ್ಕಳು. ಆದ್ರ ಮಾರಿ ಅರಳಿತ್ತು. ಆಕಿ ಗಂಡ ಭಾಳ ಸಂಭಾವಿತ ಮನಷ್ಯಾ, "ಮಾಡಲೇಳು, ಚಲೋ ಕೆಲಸಾನ ಐತಿ" ಅಂದ.

ತೊಂದ್ರಿ ಒಂದ ಇತ್ತು, ಮಗ್ಗದ ಸಪ್ಪಳ. ಆಕಿ ಮಗ್ಗ ನಿಂತ್ರೂ ಆಜೂಬಾಜೂ ಮನ್ಯಾನವು ನಿಲ್ಲಬೇಕಲ್ಲ? ಅಮಾಸಿ ದಿನ ಅಷ್ಟ ಓಣಿಯ ಎಲ್ಲಾ ಮಗ್ಗಾ ಸೂಟಿ. ಅದಕ್ಕ ಅಮಾಸಿಗೊಮ್ಮೆ ನಾ ಟೇಪ್, ಮೈಕು ತಗೊಂಡು ಹೋಗತಿದ್ದೆ. ಬಾಗಲಾ ಹಾಕ್ಕೊಂಡು ಆಕಿ ಒಂದು ದಿನಕ್ಕ ಆರು ಭಾಗ ಹೇಳಿ ಮುಗಸ್ತಿದ್ಲು. ಹುಡುಗೀನೂ ಆಕೀನ, ರಾಕ್ಷಸನೂ ಆಕೀನ. ಆ ಸಿ.ಡಿ.ಗೋಳು ಹೋದ ಊರಾಗೆಲ್ಲಾ ಅದಕ್ಕ "ಅಮಾಸಿ ಕಾರ್ಟೂನ್" ಅಂತ ಹೆಸರು ಬಿತ್ತು. ಕುಳಗೇರಿ ಕ್ರಾಸಿನ್ಯಾಗ ಮಕ್ಕಳು ಪಾನ್ ಅಂಗಡಿ ಮುಂದ ನಿಂತು "ಅಮಾಸಿದು ಬಂತೇನ್ರಿ?" ಅಂತ ಕೇಳತಿದ್ವು. ನಾ ಪ್ರತಿ ಅಮಾಸಿಗೂ ಆಕಿಗೆ ಅಮೀನಗಡದ ಕರದಂಟು ಒಯ್ದು ಕೊಡ್ತಿದ್ದೆ. ಅಷ್ಟ. ಆಕಿ ಏನೂ ಕೇಳಲಿಲ್ಲ, ನಾ ಕೊಡಲಿಲ್ಲ. ಸಿ.ಡಿ. ಕವರಿನ ಮ್ಯಾಲ ಅಂಗಡಿ ಹೆಸರು ದೊಡ್ಡದಾಗಿ ಹಾಕಿದ್ದೆ. ಆಕಿ ಹೆಸರು ಹಾಕಲಿಲ್ಲ. ಹಾಕಬೇಕು ಅಂತ ಅನಿಸಲೂ ಇಲ್ಲ.

ಹಿಂಗ ಎರಡು ಮೂರು ವರ್ಷ ನಡೀತು. ಆಮ್ಯಾಲ ಕೇಬಲ್‌ನಾಗ ದಿನಾಪೂರ್ತಿ ಕಾರ್ಟೂನ್ ಬರಾಕತ್ವು. ಅದ ಜಪಾನಿನವು, ಅದ ಹಿಂದಿ, ಮನ್ಯಾಗ ಕುಂತು ಬಟನ್ ಒತ್ತಿದ್ರ ಸಾಕು. ಹುಬ್ಬಳ್ಳಿ ವ್ಯಾಪಾರಿ ಕಾರ್ಟೂನ್ ತರಿಸೂದು ಬಿಟ್ಟ. ಬಾದಾಮಿ ಅಂಗಡಿಯಾಂವ ನನ್ನ ಪಾರ್ಸಲ್ ಬಿಚ್ಚದ ಹಂಗ ವಾಪಸ್ ಕಳಿಸಿದ. ಹುನಗುಂದದಾಂವ ಬರೇ ಸಿನಿಮಾ ಸಿ.ಡಿ. ಇಟ್ಟ. ಬಾಗಲಕೋಟಿ ಬಸ್ ಸ್ಟ್ಯಾಂಡಿನ್ಯಾಗ ನಂದ ಅಮಾಸಿ ಕಾರ್ಟೂನನ್ನ ಬ್ಯಾರೇದಾವ್ರು ನಕಲು ಮಾಡಿ ತಳ್ಳು ಗಾಡಿ ಮ್ಯಾಲ ಮಾರಾಕತ್ತಿದ್ರು. "ಕಳ್ಳ ಸೂಳಿಮಕ್ಕಳು" ಅಂತ ಬೈದೆ. ಬೈಯುವಾಗ ನನಗ ನಾಚಿಕಿ ಬರಲಿಲ್ಲ. ನಾನೂ ಜಪಾನಿನವರಿಗೆ ಒಂದು ಮಾತು ಕೇಳಿದಾಂವಲ್ಲ. ಆದ್ರ ಅದು ಕಳವು ಅಂತ ನನಗ ಆವಾಗ ಅನಿಸಿರಲಿಲ್ಲ, ಕಳವು ಮಾಡಾವ್ರು ಬಾಗಲಕೋಟ್ಯಾವ್ರು ಅಷ್ಟ.

ಮಕ್ಕಳು ಇನ್ನೂ ಕೇಳೂದು ಒಂದನ್ನ, ಆಕಿ ದನಿ. ಅದನ್ನ ಜೋರ ಹಿಂಡಿದ್ರ ಧಂಧೆ ಉಳೀತತಿ ಅಂತ ಲೆಕ್ಕಾ ಹಾಕಿದೆ. ತಿಂಗಳಿಗೊಂದು ಸಾಲೂದಿಲ್ಲ, ವಾರಕ್ಕೊಂದು ಹೊರಗ ಬರಬೇಕು. ಅಮಾಸಿ ಇಲ್ಲದ ದಿನ ಮೈಕು ತಗೊಂಡು ಹೋಗಿ ನಿಂತೆ. ಓಣಿ ತುಂಬ ಮಗ್ಗಾ ಖಟಕ್ ಖಟಕ್ ಅನ್ನಾಕತ್ತಿದ್ವು.

"ಸಪ್ಪಳ ಕೂಡತತಿ ತಮ್ಮಾ. ಅಮಾಸಿತನಕ ತಡಿ," ಅಂದ್ಲು.

"ಸಪ್ಪಳ ಯಾರ ಕೇಳ್ತಾರ ಬಿಡ್ರಿ ಅಕ್ಕಾರ. ನೀವು ಹೇಳ್ರಿ."

ಆಕಿ ಮನಸಿಲ್ಲದ ಮನಸಿನಿಂದ ಹೇಳಿದ್ಲು. ಅರ್ಧಕ್ಕ ನೇಯ್ಗಿ ಬಿಟ್ಟು ಬಂದು ಹೇಳಿದ್ಲು. ಹಿಂಗ ನಾಕೈದು ವಾರ ನಡೀತು.

ಆಮ್ಯಾಲ ಒಂದಿನ ಮುಂಜಾನಿ ಅಂಗಡಿ ಮುಂದ ಪೊಲೀಸ್ ಜೀಪ್ ನಿಂತಿತು. ಸಾಹೇಬ್ರು, ಇಬ್ಬರು ಪೊಲೀಸರು, ಜೋಡಿ ಇನ್ನೊಬ್ಬ ಶರ್ಟು ಇನ್ ಮಾಡಿದಾಂವ. ಜಪಾನಿನವರ ಕಡಿಂದ ಹಕ್ಕು ತಗೊಂಡ ಕಂಪನಿ ಮನಷ್ಯಾ ಅಂತ. ಊರೂರಿನ ಸಿ.ಡಿ. ಅಂಗಡ್ಯಾಗ ವಿಚಾರ್ಸಕೋಂತ ಬಂದಿದ್ರು. ಅವನ ಕೈಯಾಗ ನನ್ನ ಸಿ.ಡಿ. ಇತ್ತು, ಬಾಗಲಕೋಟಿ ಗಾಡಿ ಮ್ಯಾಲಿನದು, ಕವರ್ ಇಲ್ಲದ್ದು. ನನ್ನ ಟಿ.ವಿ.ಗೇ ಹಚ್ಚಿದ್ರು. ಕಬ್ಬಿಣದ ಮನಷ್ಯಾ ರೊಟ್ಟಿ ಕೇಳಿದ ಕೂಡಲೆ ಸಾಹೇಬ್ರಿಗೆ ನಗಿ ತಡೀಲಿಕ್ಕಾಗಲಿಲ್ಲ. ಆದ್ರ ಅವರು ಈ ಕಡೆಯವರ. ನಗಿ ಮುಗದ ಮ್ಯಾಲ ಬಲಗಡೆ ಸ್ಪೀಕರಿಗೆ ಕಿವಿ ಹಚ್ಚಿ, "ಹಿಂದ ಏನೋ ಬಡದಂಗ ಕೇಳ್ತತಿ. ಮಗ್ಗ ಅಲ್ಲೇನಿದು? ನಿಮ್ಮೂರಿಂದ ಹೊಂಟೇತಿ ಇದು" ಅಂದ್ರು.

"ಈ ದನಿ ಯಾರದು? ಗುರ್ತು ಐತೇನು?"

ಇಲ್ಲೆ ಒಂದು ಮಾತು ಹೇಳಬೇಕು. ಅವರು ನನಗ ಬೈಲಿಲ್ಲ. ಬಡೀಲಿಲ್ಲ, ಅಂಜಿಸಲಿಲ್ಲ. ಬರೇ ಕೇಳಿದ್ರು. "ನಾ ಮಾಡಿದ್ದು, ಸಾಹೇಬ್ರ" ಅಂದಿದ್ರ ನನ್ನನ್ನ ಒಯ್ತಿದ್ರು, ಅಷ್ಟ. ನಾ ಅಂದೆ, "ಗುರ್ತು ಐತ್ರಿ. ನಾ ಬರೇ ಮಾರಾಂವ. ಮಾಡೂದೆಲ್ಲಾ ಆಕೀನ." ಕೇಳದಿದ್ರೂ ಗುರುತು ಹೇಳಿದೆ, ಬೇವಿನ ಗಿಡದ ಎದರಿನ ಮನಿ ಅಂತ.

ಹಾಡಹಗಲ ಮಗ್ಗದ ಕುಣಿಯಿಂದ ಎಬ್ಬಿಸಿ ಆಕಿನ್ನ ಜೀಪಿನ್ಯಾಗ ಕೂಡ್ರಿಸಿಕೊಂಡು ಹೋದ್ರು. ಓಣಿ ಮಂದಿ ಎಲ್ಲಾರೂ ನೋಡಿದ್ರು. ನಾ ನೋಡಲಿಲ್ಲ. ನಾ ಅಂಗಡಿ ಮುಚ್ಚಿ ಮನಿಗೆ ಹೋಗಿ ಉಣ್ಣಾಕ ಕುಂತೆ. ಬದನೀಕಾಯಿ ಪಲ್ಯಾ, ರೊಟ್ಟಿ. ಉಂಡೆ. ಅದು ನೆನಪಾದ್ರ ಇವತ್ತೂ ನನಗ ನನ್ನ ಮ್ಯಾಲ ಹೇಸಿಗಿ ಬರ್ತತಿ.

ಸಂಜಿಮುಂದ ತಡೀಲಾರದ, ಊರ ಹಿರ್ಯಾರೊಬ್ಬರನ್ನ ಕರಕೊಂಡು ಠಾಣೆಗೆ ಹೋದೆ. ಆಕಿ ಬಾಕಿನ ಮ್ಯಾಲ ತಲಿ ತುಂಬ ಸೆರಗು ಹೊದ್ದು ಕುಂತಿದ್ಲು. ಹಿರ್ಯಾರು ಮಾತಾಡಿದ್ರು, "ಏನೂ ತಿಳೀದ ಹೆಣಮಗಳು, ಬಿಡ್ರಿ" ಅಂದ್ರು. ಕಂಪನಿಯಾಂವಗ ಸಿ.ಡಿ.ಗೋಳು ಸಿಕ್ಕಿದ್ವು, ಇನ್ಮ್ಯಾಲ ಮಾಡೂದಿಲ್ಲ ಅಂತ ಬರಕೊಟ್ರ ಸಾಕಾಗಿತ್ತು. ನಾನೂ ಬರಕೊಟ್ಟೆ, ಆಕೀದೂ ಹೆಬ್ಬೆಟ್ಟು ತಗೊಂಡ್ರು. ಹೊರಗ ಬಂದ ಕೂಡಲೆ ಆಕಿ ಗಂಡ ದುಡುದುಡು ಬಂದು ನನ್ನ ಕಾಲಿಗೆ ಬಿದ್ದ. "ನೀವು ಬರದಿದ್ರ ನಮ್ಮ ಗತಿ ಏನಿತ್ತು ಸಾವ್ಕಾರ್ರ" ಅಂತ ಅತ್ತ. ವಯಸ್ಸಿನಾಗ ನನಗಿಂತ ಅಷ್ಟು ದೊಡ್ಡಾಂವ. ನಾ ಹಿಡದು ಎಬ್ಬಿಸಿದೆ. "ಇರ್ಲಿ ಬಿಡ್ರಿ" ಅಂದೆ. ಇರ್ಲಿ ಬಿಡ್ರಿ! ಏನು ಧೈರ್ಯಾ ನಂದು. ಆಕಿ "ಬರ್ತೇವ್ರಿ" ಅಂದು ನಡದ್ಲು. ಅಲ್ಲೀತನಕ ತಮ್ಮಾ, ನೀ ಅಂತಿದ್ದಾಕಿ. ನನ್ನ ಮ್ಯಾಲ ಮರ್ಯಾದಿ ಹೆಚ್ಚಾಗೇತಿ ಅಂತ ತಿಳಕೊಂಡೆ ನಾ.

ನಕಲು ಮಾಡಿದಾವ್ರ ಪೈಕಿ ಯಾರೋ ಆಕಿ ಹೆಸರು ಹೇಳ್ಯಾರ ಅಂತ ಓಣ್ಯಾಗ ಸುದ್ದಿ ಆತು. ಅವರನ್ನ ಎಲ್ಲಾರೂ ಶಾಪ ಹಾಕಿದ್ರು. ನಾನೂ ಹೂಂಗುಟ್ಟಿದೆ.

ಮೂರು ತಿಂಗಳ ಮ್ಯಾಲ ಆಕಿ ಗಂಡ ಅಂಗಡಿಗೆ ಬಂದ. ಕಾಗದದಾಗ ಸುತ್ತಿದ ಸೀರಿ, ಕೆಂಪು ಸೆರಗಿನ ಅಪ್ಪಟ ಇಳಕಲ್ ಸೀರಿ. "ನಿಮ್ಮ ಮನ್ಯಾವರಿಗೆ. ನಮ್ಮಾಕೀನ ನೇಯ್ದಾಳ. ಬ್ಯಾಡ ಅನಬ್ಯಾಡ್ರಿ." ನಾ ಬ್ಯಾಡ ಅನ್ನಲಿಲ್ಲ. ತಗೊಂಡೆ. ಆದ್ರ ಮನಿಗೆ ಒಯ್ಯಾಕ ಮನಸು ಬರಲಿಲ್ಲ. ಹಳೇ ಕ್ಯಾಸೆಟ್ಟಿನ ಟ್ರಂಕಿನ ತಳದಾಗ ಇಟ್ಟು ಕೀಲಿ ಹಾಕಿದೆ. ಮುಂದ ವರ್ಷ ತುಂಬೂದ್ರಾಗ ಅಂಗಡಿ ಮುಚ್ಚಿದೆ. ಉಳಿದ ಸಿ.ಡಿ.ಗೋಳನ್ನ ಮಂದಿ ಹೊಲದಾಗ ಹಕ್ಕಿ ಓಡಸಾಕ ಕಟ್ಟಾಕ ಒಯ್ದ್ರು. ಟ್ರಂಕು ಮನಿ ಅಟ್ಟಕ್ಕ ಹೋತು.

ಎಷ್ಟೋ ವರ್ಷದ ಮ್ಯಾಲ ಮನಿಗೆ ಸುಣ್ಣಾ ಹಚ್ಚೂ ಮುಂದ ನನ್ನ ಹೆಂಡತಿ ಟ್ರಂಕು ತಗದ್ಲು. "ಯಾರಿಗಿ ತಂದಿದ್ರಿ ಇದನ್ನ? ಖರೆ ಹೇಳ್ರಿ" ಅಂತ ನಕ್ಕೋಂತ ಚ್ಯಾಷ್ಟಿಗೆ ಕೇಳಿದ್ಲು. ನಾ ಖರೇನ ಹೇಳಿದೆ, ಎಲ್ಲಾ. ಆಕಿ ನಗಿ ನಿಂತಿತು. ಆಮ್ಯಾಲ ಸೀರಿ ಮಡಚಿ ನನ್ನ ಮುಂದಿಟ್ಟು, "ನಾ ಇದನ್ನ ಉಡಂಗಿಲ್ಲ. ಒಯ್ದು ಕೊಟ್ಟು, ಹೇಳಿ ಬರ್ರಿ" ಅಂದ್ಲು.

ಹೋದೆ. ಬೇವಿನ ಗಿಡ ಇತ್ತು. ಮಗ್ಗದ ಕುಣಿ ಮ್ಯಾಲ ಹಲಗಿ ಮುಚ್ಚಿ ಅದರ ಮ್ಯಾಲ ಟಿ.ವಿ. ಇಟ್ಟಿದ್ರು. ಒಳಗಿನ ಖೋಲ್ಯಾಗ ಗಂಡ ಕೆಮ್ಮಾಕತ್ತಿದ್ದ. ಸಣ್ಣ ಮೊಮ್ಮಗಳೊಂದು ಕಾರ್ಟೂನ್ ನೋಡಾಕತ್ತಿತ್ತು, ಅದ ಮುಳ್ಳುಗೂದಲ ಹುಡುಗ್ರು, ಅದ ಹಿಂದಿ. "ಅಜ್ಜೀ, ಅಂವ ಏನಂತಾನ?" ಅಂತ ಕೇಳಿತು.

"ಏನ್ ಅಂತಾನೋ ಯಾಂವಗ ಗೊತ್ತು. ಸುಮ್ಕ ನೋಡು," ಅಂದ್ಲು ಆಕಿ.

ಚೀಲದಿಂದ ಸೀರಿ ತಗದು ಆಕಿ ಮುಂದಿಟ್ಟೆ. "ಅಕ್ಕಾರ, ಅವತ್ತ ನಿಮ್ಮ ಹೆಸರು ಹೇಳಿದಾಂವ ನಾನ. ಬ್ಯಾರೆ ಯಾರೂ ಅಲ್ಲ," ಅಂದೆ. ಹೇಳೂದಕ್ಕ ಇಷ್ಟ ಮಾತು ಬೇಕಾಗಿತ್ತು. ಇಷ್ಟಕ್ಕ ಅಷ್ಟು ವರ್ಷ ಹಿಡದಿದ್ವು.

ಆಕಿ ಸೀರಿ ಕೈಯಾಗ ತಗೊಂಡು ಸೆರಗು ಬಿಚ್ಚಿ ನೋಡಿದ್ಲು. ಮಡಿಕಿ ಬಿದ್ದ ಕಡೆ ಬಣ್ಣಾ ಮಾಸಿತ್ತು, ಅಲ್ಲಿ ಬಟ್ಟು ಆಡಿಸಿದ್ಲು.

"ಗೊತ್ತೈತ್ರಿ. ಸಾಹೇಬ್ರು ಠಾಣ್ಯಾಗ ಅವತ್ತ ಹೇಳಿದ್ರು, ಸಿ.ಡಿ. ಮಾರಾಂವಾ ತಾನ ನನ್ನ ಗುರ್ತು ಹೇಳ್ಯಾನ ಅಂತ."

"ಮತ್ತ ಈ ಸೀರಿ?"

"ನಮ್ಮ ಯಜಮಾನ್ರು ನೇಯ್ ಅಂದ್ರು, ನೇಯ್ದೆ. ನೇಯುವಾಗ ನನಗ ಗೊತ್ತಿತ್ತು." ದನಿ ಸಣ್ಣ ಮಾಡಿದ್ಲು. "ಒಳಗ ಕೇಳ್ತತಿ, ಸಾವಕಾಶ ಮಾತಾಡ್ರಿ. ಅವರಿಗೆ ನೀವು ದೇವರಿದ್ದಂಗ. ಈ ವಯಸ್ಸಿನಾಗ ಅದೊಂದು ನಂಬಿಗಿ ಹೋಗೂದು ಬ್ಯಾಡ. ಸೀರಿ ಇಲ್ಲಿ ಕಂಡ್ರ ಏನು ಹೇಳಲಿ ನಾ? ತಗೊಂಡು ಹೋಗ್ರಿ."

ಆಕೀನ ಮಡಚಿ, ಆಕೀನ ನನ್ನ ಚೀಲದಾಗ ಇಟ್ಲು.

ಅಷ್ಟ್ರಾಗ ಗೋಡಿ ಹಿಡ್ಕೊಂಡು ಗಂಡ ಹೊರಗ ಬಂದ. ನನ್ನ ನೋಡಿ ಕಣ್ಣು ತುಂಬಿಕೊಂಡ. "ಸಾವ್ಕಾರ್ರ! ಚಾ ಇಡ ಲಗೂನ," ಅಂತ ಆಕಿಗೆ ಹೇಳಿ, ಮೊಮ್ಮಗಳಿಗೆ, "ಇವ್ರ ಕಾಲಿಗೆ ಬೀಳವ್ವಾ. ಅವತ್ತ ನಿಮ್ಮಜ್ಜೀನ್ನ ಬಿಡಿಸಿಕೊಂಡು ಬಂದಾವ್ರು ಇವ್ರ" ಅಂದ.

ಕೂಸು ಟಿ.ವಿ. ಬಿಟ್ಟು ಬಂದು ನನ್ನ ಕಾಲು ಮುಟ್ಟಿತು. ಆಕಿ ಒಲಿ ಮುಂದ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ಲು, ತಿರುಗಿ ನೋಡಲಿಲ್ಲ. ಚಾ ಬಂತು. ನಾ ಕುಂತು ಆ ಚಾ ಪೂರ್ತಿ ಕುಡದೆ.