ಬೇರೆ ಇಟ್ಟ ಪಾಲು

ನಾನು ಮದುವೆಯಾಗಿ ಸೇರಿದ ಮನೆಯಲ್ಲಿ ಕೋಳಿ ಎಂದರೆ ಸಾರು. ಮುದ್ದೆ ಮುಳುಗುವಷ್ಟು ಖಾರದ ಸಾರು, ಅದರಲ್ಲಿ ನಾಲ್ಕು ತುಂಡು. ಕೋಳಿಯನ್ನು ಹಣ್ಣಿನಲ್ಲಿ ನೆನೆಸಿ ಕೆಂಡದ ಮೇಲೆ ಸುಡಬಹುದು ಎಂದು ಆ ಮನೆಗೆ ತೋರಿಸಿದವರು ಸಣ್ಣತ್ತೆ. ಆ ಅಡುಗೆಯ ನೆಪದಲ್ಲೇ ಅವರು ಮನೆ ಬಿಡುವಂತಾಯಿತು. ಅದಕ್ಕೆ ಕಾರಣ ನಾನು.

ಸಣ್ಣತ್ತೆ ನನ್ನ ಮಾವನವರ ತಂಗಿ. ಅವರ ಗಂಡ ಹಿರಿಯೂರಿನ ಪ್ರವಾಸಿ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದವರು. ಕಾಲುವೆ ನೋಡಲು, ಅಣೆಕಟ್ಟು ನೋಡಲು ಬರುವ ಎಂಜಿನಿಯರುಗಳು ಅಲ್ಲಿ ಉಳಿದುಕೊಳ್ಳುತ್ತಿದ್ದರು. ಒಬ್ಬೊಬ್ಬರ ನಾಲಿಗೆ ಒಂದೊಂದು ಥರ. ಎಲ್ಲರ ಬಾಯಿಗೂ ಹಿಡಿಸುವಂತೆ ಮಾಡುತ್ತ ಮಾಡುತ್ತ ಗಂಡ ಕಲಿತದ್ದನ್ನು ಹೆಂಡತಿಯೂ ಕಲಿತಿದ್ದರು. ಮಕ್ಕಳಾಗಲಿಲ್ಲ. ಗಂಡ ಜ್ವರ ಬಂದು ಹತ್ತೇ ದಿನದಲ್ಲಿ ಹೋದ ಮೇಲೆ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಾಗೂರಿನ ಹತ್ತಿರವಿದ್ದ ತವರಿಗೆ, ಅಂದರೆ ನಮ್ಮ ಮನೆಗೆ ಬಂದರು. ನಾನು ಆ ಮನೆಗೆ ಬರುವ ಹೊತ್ತಿಗೆ ಅವರು ಬಂದು ಎರಡು ವರ್ಷವಾಗಿತ್ತು.

ನಮ್ಮತ್ತೆಗೆ ನಾದಿನಿಯ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಒಂದು ಒಲೆಯ ಮುಂದೆ ಇಬ್ಬರು ಕೂರುವುದು ಸುಲಭವಲ್ಲ. ಅದರಲ್ಲೂ ಒಬ್ಬರ ಕೈರುಚಿ ಹೆಚ್ಚು ಎಂದು ಊಟಕ್ಕೆ ಕೂತವರೆಲ್ಲ ಹೇಳುತ್ತಿದ್ದರೆ ಇನ್ನೂ ಕಷ್ಟ. ಅತ್ತೆ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದರು.

ಮದುವೆಯಾಗಿ ಮೂರು ವರ್ಷಕ್ಕೆ ನಾನು ಬಸುರಿಯಾದೆ. ಅಷ್ಟು ದಿನ ಅತ್ತೆ ಹೊತ್ತಿದ್ದ ಹರಕೆಗಳಿಗೆ ಲೆಕ್ಕವಿಲ್ಲ. ನಾಲ್ಕು ತಿಂಗಳಾದಾಗ ಯುಗಾದಿ ಬಂತು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ನನ್ನ ಗಂಡ, "ಬಳೆ ತೊಡಿಸಿಕೊಂಡು ಬರ್ತೀವಿ" ಎಂದು ಮನೆಯಲ್ಲಿ ಹೇಳಿ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊಸದುರ್ಗಕ್ಕೆ ಹೊರಟರು. ಬಳೆ ತೊಡಿಸಿಕೊಂಡದ್ದು ನಿಜ. ಆಮೇಲೆ ಟಾಕೀಸಿನಲ್ಲಿ ಮಧ್ಯಾಹ್ನದ ಆಟವನ್ನೂ ನೋಡಿದೆವು. ವಾಪಸ್ಸು ಬರುವಾಗ ಹೊತ್ತಾಯಿತೆಂದು ಅವರು ಜೋರಾಗಿ ತುಳಿದರು. ಮೋರಿಯ ಹತ್ತಿರ ರಸ್ತೆಗೆಂದು ಸುರಿದಿದ್ದ ಜಲ್ಲಿಯ ಮೇಲೆ ಚಕ್ರ ಜಾರಿತು. ನಾನು ಸೊಂಟದ ಮೇಲೆ ಬಿದ್ದೆ. ಹೊಸ ಬಳೆಗಳಲ್ಲಿ ಅರ್ಧ ಒಡೆದವು.

"ನೋವೇನಾದ್ರೂ ಐತಾ?" ಎಂದರು ಗಂಡ. ಮುಖ ಬಿಳುಚಿಕೊಂಡಿತ್ತು.

"ಇಲ್ಲ" ಎಂದೆ. ಆಗ ನಿಜಕ್ಕೂ ಇರಲಿಲ್ಲ.

"ಅವ್ವಂಗೆ ಹೇಳಬ್ಯಾಡ. ಸಿನಿಮಾಕ್ಕೆ ಹೋಗಿದ್ವಿ ಅಂತ ಗೊತ್ತಾದ್ರೆ ಇಬ್ಬರನ್ನೂ ಸುಮ್ನೆ ಬಿಡಲ್ಲ."

ನಾನು ಹೇಳಲಿಲ್ಲ. ಉಳಿದ ಬಳೆ ಎಲ್ಲಿ ಎಂದು ಅತ್ತೆ ಕೇಳಿದಾಗ, ಬಳೆಗಾರ ತೊಡಿಸುವಾಗಲೇ ಒಡೆದವು ಎಂದೆ. ಹಬ್ಬದ ದಿನ ಬೆಳಗ್ಗೆ ಸೀರೆಯಲ್ಲಿ ಕಲೆ ಕಂಡಿತು. ಗಂಡನಿಗೆ ಮಾತ್ರ ಹೇಳಿದೆ. ಅವರು ಬಾಗಿಲ ಕಡೆ ನೋಡಿದರು. "ಹಬ್ಬ ಮುಗೀಲಿ. ನಾಡಿದ್ದು ಆಸ್ಪತ್ರೆಗೆ ಹೋಗಾಣ" ಎಂದರು. ನಾನು ಸೀರೆ ಬದಲಿಸಿ, ಕಲೆಯಾದದ್ದನ್ನು ಒಗೆಯುವ ಬಟ್ಟೆಯ ಗಂಟಿನೊಳಗೆ ತುರುಕಿ, ಬೇವು ಬೆಲ್ಲ ತಿಂದು, ಎಲ್ಲರ ಕಾಲಿಗೆ ಬಿದ್ದೆ.

ಮಾರನೇ ದಿನ ವರ್ಷತೊಡಕು. ನಮ್ಮ ಕಡೆ ಅವತ್ತು ಮಾಂಸ ಬೇಯದ ಮನೆ ಇರುವುದಿಲ್ಲ. ಮಾವನವರು ಎರಡು ಹುಂಜ ಕೊಯ್ದರು. "ನಿನ್ನ ಬಂಗಲೆ ಕೋಳಿ ಮಾಡು" ಎಂದು ತಂಗಿಗೆ ಅವರೇ ಹೇಳಿದರು. ಸಣ್ಣತ್ತೆಯ ಮುಖ ಅರಳಿತು. ಹಿತ್ತಲಿನಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಪರಂಗಿ ಗಿಡವಿತ್ತು. ಪೂರ್ತಿ ಹಣ್ಣಾಗದ, ಅಲ್ಲಲ್ಲಿ ಹಳದಿ ಗೆರೆ ಎದ್ದ ಒಂದು ಕಾಯಿಯನ್ನು ಆರಿಸಿ ಕಿತ್ತರು.

ನಾನು ಸಹಾಯಕ್ಕೆಂದು ಹೋದರೆ, "ನೀನು ಇವತ್ತು ಏನೂ ಮುಟ್ಟಬ್ಯಾಡ, ಅಲ್ಲೇ ಕುಂತ್ಕ" ಎಂದು ಚಾಪೆ ತೋರಿಸಿದರು. ನಾನು ಕೂತು ನೋಡಿದೆ. ಮೊದಲು ಅವರು ಒರಳಿಗೆ ಹಾಕಿದ್ದು ಪರಂಗಿಯನ್ನಲ್ಲ, ಒಂದು ಹುಳಿ ಮಾವಿನಕಾಯಿಯನ್ನು.

"ಇದು ನಿಂದು" ಎಂದರು. "ಬಸುರಿಗೆ ಪರಂಗಿ ಆಗಲ್ಲ ಅಂತಾರೆ. ನಿಜವೋ ಸುಳ್ಳೋ, ನಮಗ್ಯಾಕೆ ಬೇಕು? ಅದಕ್ಕೆ ಮೊದಲು ನಿಂದನ್ನ ರುಬ್ಬಿಟ್ಟುಬಿಡ್ತೀನಿ. ಒರಳಿಗೂ ಪರಂಗಿ ಸೋಕೋದು ಬ್ಯಾಡ."

ಮಾವಿನಕಾಯಿ, ಬೆಲ್ಲ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ಅದನ್ನು ಒಂದು ಬೋಗುಣಿಗೆ ಬಳಿದು ನಾಲ್ಕು ತುಂಡುಗಳಿಗೆ ಸವರಿದರು. ಆಮೇಲೆ ಪರಂಗಿಯನ್ನು ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಮೆಣಸಿನಕಾಯಿ, ಬೆಲ್ಲದ ಜೊತೆ ರುಬ್ಬಿ, ನಿಂಬೆಹಣ್ಣು ಹಿಂಡಿ, ಉಳಿದ ಮಾಂಸಕ್ಕೆಲ್ಲ ಕಲಸಿದರು. "ಹುಂಜದ ಮಾಂಸ ಹಗ್ಗ ಇದ್ದಂಗೆ. ಪರಂಗಿ ಅದನ್ನ ಬೆಣ್ಣೆ ಮಾಡ್ತೈತೆ. ಜಾಸ್ತಿ ಹೊತ್ತು ಬಿಟ್ರೆ ಮಾತ್ರ ಹಿಟ್ಟು ಹಿಟ್ಟಾಗಿಬಿಡ್ತೈತೆ" ಎನ್ನುತ್ತ ಅಂಗೈ ಹಿಂಬದಿಗೆ ಒಂದು ತೊಟ್ಟು ಹಚ್ಚಿಕೊಂಡು ನೆಕ್ಕಿ ನೋಡಿದರು. ಇನ್ನಷ್ಟು ಉಪ್ಪು ಹಾಕಿದರು.

ಹಿತ್ತಲಲ್ಲಿ ಮೂರು ಕಲ್ಲಿನ ನಡುವೆ ಜಾಲಿ ಸೌದೆ ಉರಿದು ಕೆಂಡವಾಗಿತ್ತು. ಮೇಲೆ ಹಳೆಯ ಕಿಟಕಿಯ ಕಬ್ಬಿಣದ ಜಾಲರಿ. ಬೆಲ್ಲ ಬೇಗ ಸೀದುಹೋಗುತ್ತದೆಂದು ಕೆಂಡವನ್ನು ಕೋಲಿನಿಂದ ಹರಡಿ, ಈರುಳ್ಳಿ ಸೊಪ್ಪಿನ ಕಟ್ಟನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ ಸವರುತ್ತ, ಒಂದೊಂದು ತುಂಡನ್ನೂ ತಿರುವಿ ಹಾಕಿದರು. ನನ್ನ ನಾಲ್ಕು ತುಂಡುಗಳಿಗೆ ಗುರುತಿಗೆಂದು ಬಾಳೆನಾರು ಕಟ್ಟಿ ಒಂದು ಮೂಲೆಯಲ್ಲಿ ಇಟ್ಟಿದ್ದರು. ಸೀದ ಬೆಲ್ಲದ ವಾಸನೆಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅತ್ತೆ ಒಳಗೆ ಮುದ್ದೆ ಕಟ್ಟುತ್ತಿದ್ದರು. ಹಿತ್ತಲಿಗೆ ಬರಲೇ ಇಲ್ಲ.

ನನ್ನ ಪಾಲನ್ನೇ ನಾನು ತಿಂದೆ. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ಬಾಯಿಗೆ ಬರುತ್ತಿದ್ದವು. ಅಷ್ಟು ರುಚಿಯಾದದ್ದನ್ನು ಅದಕ್ಕೆ ಮುಂಚೆ ನಾನು ತಿಂದಿರಲಿಲ್ಲ. ಸೊಂಟದ ಕೆಳಗೆ ಸಣ್ಣಗೆ ನೋವು ಶುರುವಾಗಿತ್ತು. ಆದರೂ ತಿಂದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಲ್ಲಲಾಗಲಿಲ್ಲ. ಗಾಡಿ ಕಟ್ಟಿ ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಯ ದಾದಿ ನನ್ನ ಸೊಂಟದ ಮೇಲಿನ ಕಂದುಗಟ್ಟಿದ ಗಾಯ ನೋಡಿ, "ಎಲ್ಲಾದ್ರೂ ಬಿದ್ದಿದ್ದೇನಮ್ಮಾ?" ಎಂದು ಕೇಳಿದಳು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಗಂಡ ಬಾಗಿಲಲ್ಲಿದ್ದರು, ನನ್ನ ಕಡೆ ನೋಡಲಿಲ್ಲ.

"ಇಲ್ಲ, ಕೊಟ್ಟಿಗೆ ಕಂಬ ತಾಗಿತ್ತು" ಎಂದೆ.

ಮನೆಗೆ ಬಂದ ದಿನ ಅತ್ತೆ ನಡುಮನೆಯಲ್ಲಿ ಕೂತು ಅತ್ತರು. ಬಿದ್ದು ಹೊರಳಿ ಅಳುವವರಲ್ಲ ಅವರು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುವವರು. ಅತ್ತು ಮುಗಿದ ಮೇಲೆ ತಲೆಯೆತ್ತಿ ಸಣ್ಣತ್ತೆಯನ್ನು ಕೇಳಿದರು: "ಅವತ್ತು ಕೋಳಿಗೆ ಏನು ಹಾಕಿದ್ದಿ?"

"ಪರಂಗಿ. ಆದ್ರೆ ಅವಳಿಗೆ ಹಾಕಿಲ್ಲ ಅತ್ತಿಗೆ. ಅವಳಿಗೆ ಬೇರೆ ಮಾಡಿದ್ದೆ. ಮಾವಿನಕಾಯಿ ಹಾಕಿ."

"ಒಂದೇ ಕೆಂಡ, ಒಂದೇ ಜಾಲರಿ. ಅದರಾಗೆ ಬೇರೆ ಎಂಥದು?"

"ನಾರು ಕಟ್ಟಿದ್ದೆ. ಅವಳನ್ನೇ ಕೇಳ್ರಿ."

ಅತ್ತೆ ನನ್ನ ಕಡೆ ತಿರುಗಿದರು. ನಾನು ಕಂಬಳಿ ಹೊದ್ದು ಗೋಡೆಯ ಕಡೆ ಮಲಗಿದ್ದೆ. "ಹೌದೇನೇ? ನಿಂಗೆ ಬೇರೆ ಕೊಟ್ಟಿದ್ಲಾ?"

ಹೌದು ಎನ್ನಬೇಕಿತ್ತು. ಒಂದೇ ಮಾತು. ಆದರೆ ಹೌದು ಎಂದರೆ, ಮತ್ತೆ ಯಾಕೆ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಸೈಕಲ್ಲು, ಸಿನಿಮಾ, ಜಲ್ಲಿ ಎಲ್ಲ ಹೊರಗೆ ಬರುತ್ತದೆ. ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದಿದೆ ಎಂದುಕೊಳ್ಳಲಿ ಎಂದು ಉಸಿರನ್ನೂ ನಿಧಾನ ಮಾಡಿದೆ.

ಅತ್ತೆ ಇನ್ನೊಮ್ಮೆ ಕೇಳಲಿಲ್ಲ.

ಅಲ್ಲಿಂದ ಸಣ್ಣತ್ತೆ ಒಲೆ ಹತ್ತಿರ ಬಂದರೆ ಅತ್ತೆ ಎದ್ದು ಹೋಗುತ್ತಿದ್ದರು. ಸಣ್ಣತ್ತೆ ಮಾಡಿದ ಸಾರು ಪಾತ್ರೆಯಲ್ಲೇ ಉಳಿಯುತ್ತಿತ್ತು. ಊರಿನ ಹೆಂಗಸರು ನನ್ನನ್ನು ನೋಡಲು ಬಂದವರು ಅವರ ಮುಖ ನೋಡಿ ಮಾತು ನಿಲ್ಲಿಸುತ್ತಿದ್ದರು. ಮಕ್ಕಳಿಲ್ಲದವಳ ಕೈ ಎಂದು ಯಾರೋ ಬಾವಿಯ ಹತ್ತಿರ ಅಂದರಂತೆ. ಮಾವನವರು ಅಂಗಳದಲ್ಲಿ ಕೂತು ಕಂಬಳಿಯ ನೂಲು ಬಿಡಿಸುತ್ತಿದ್ದರು. ಒಳಗೆ ಬರುವುದನ್ನೇ ಕಡಿಮೆ ಮಾಡಿದರು. ಎಂಟನೇ ದಿನ ಬೆಳಗ್ಗೆ ಸಣ್ಣತ್ತೆ ತಗಡಿನ ಪೆಟ್ಟಿಗೆ ಹೊರಗೆ ಇಟ್ಟರು.

"ಹಿರಿಯೂರಿನಾಗೆ ಹಾಸ್ಟೆಲಿಗೆ ಅಡುಗೆಯವರು ಬೇಕಂತೆ. ಹೋಗ್ತೀನಿ" ಎಂದರು. ಯಾರೂ ಬೇಡ ಎನ್ನಲಿಲ್ಲ. ನನ್ನ ಹತ್ತಿರ ಬಂದರು. ನಾನು ಅವರ ಕಾಲುಂಗುರವಿಲ್ಲದ ಬೆರಳುಗಳನ್ನೇ ನೋಡುತ್ತಿದ್ದೆ. "ತಣ್ಣೀರು ಮುಟ್ಟಬ್ಯಾಡ. ಬಾಣಂತಿ ಇದ್ದಂಗೇ ಇರು, ಒಂದು ತಿಂಗಳು" ಎಂದು ಹೇಳಿ ಹೋದರು.

ಆಮೇಲೆ ನನಗೆ ಇಬ್ಬರು ಹೆಣ್ಣುಮಕ್ಕಳಾದರು. ಪ್ರತಿ ಬಸುರಿನಲ್ಲೂ ಅತ್ತೆ ಹಿತ್ತಲಿನ ಕಡೆ ನೋಡಿ ಅದೇ ಕಥೆ ಹೇಳುತ್ತಿದ್ದರು. ಪರಂಗಿ ಗಿಡವನ್ನು ಎಂದೋ ಕಡಿಸಿದ್ದರು. ಒಂದೆರಡು ಸಲ ಗಂಡನಿಗೆ, "ಹೇಳಿಬಿಡಾಣ" ಎಂದೆ. "ಈಗ್ಯಾಕೆ ಅದೆಲ್ಲ, ಆಗಿದ್ದಾಯ್ತು" ಎಂದರು. ಅವರು ಕೆಟ್ಟವರಲ್ಲ. ಅತ್ತೆಯ ಮುಂದೆ ಕೊನೆಯವರೆಗೂ ಅವರು ಹೆದರಿದ ಮಗನಾಗಿಯೇ ಇದ್ದರು.

ದೊಡ್ಡವಳಿಗೆ ಎಂಟು ವರ್ಷವಾದಾಗ ಧರ್ಮಪುರದಲ್ಲಿ ನೆಂಟರ ಮದುವೆಯಿತ್ತು. ವಾಪಸ್ಸು ಬರುವಾಗ ಹಿರಿಯೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅವತ್ತು ನಾನೊಬ್ಬಳೇ ಇದ್ದೆ. ಕೇಳಿಕೊಂಡು ಕೇಳಿಕೊಂಡು ಹಾಸ್ಟೆಲಿಗೆ ಹೋದೆ.

ಸಣ್ಣತ್ತೆ ಹಿಂದಿನ ಅಡುಗೆಮನೆಯಲ್ಲಿ ದೊಡ್ಡ ಕೊಳದಪ್ಪಲೆಯ ಮುಂದೆ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಅಚ್ಚರಿಪಡಲಿಲ್ಲ. "ಬಾರಮ್ಮ" ಎಂದು ಒಂದು ಮಣೆ ಸರಿಸಿದರು.

ಕೂರುವ ಮುಂಚೆಯೇ ಹೇಳಿದೆ. ಸೈಕಲ್ಲು, ಮೋರಿ, ಕಲೆ, ದಾದಿ, ಕಣ್ಣು ಮುಚ್ಚಿಕೊಂಡದ್ದು ಎಲ್ಲವನ್ನೂ. ಅವರು ಸೌಟು ಆಡಿಸುತ್ತಲೇ ಕೇಳಿದರು.

"ನಂಗೆ ಗೊತ್ತಿತ್ತು" ಎಂದರು.

"ಹೆಂಗೆ?"

"ಹಬ್ಬದ ದಿನ ಮನೆ ಬಟ್ಟೆ ಎಲ್ಲಾ ಒಗೆದೋಳು ನಾನೇ ಅಲ್ವಾ? ನಿನ್ನ ಸೀರೆ ನೋಡಿದೆ. ನೀನೇ ಹೇಳ್ಕೊಳ್ಳಲಿ ಅಂತ ಸುಮ್ನಿದ್ದೆ. ಮಾರನೇ ದಿನ ಏನೂ ಮುಟ್ಟಬ್ಯಾಡ, ಕುಂತ್ಕ ಅಂತ ಮಾತ್ರ ಅಂದೆ."

"ಮತ್ತೆ ಅತ್ತೆ ಮುಂದೆ ಯಾಕೆ ಹೇಳಲಿಲ್ಲ ನೀವು?"

"ನಾನು ಹೇಳಿದ್ರೆ, ತಪ್ಪು ಮಾಡಿ ಸೊಸೆ ಮೇಲೆ ಹಾಕ್ತಾಳೆ ಅಂತಿದ್ರು. ಹೇಳಬೇಕಾದೋಳು ನೀನು." ಕೊಳದಪ್ಪಲೆಗೆ ಉಪ್ಪು ಹಾಕಿದರು. "ಎಂಟು ದಿನ ಕಾದೆ ಕಣೇ. ದಿನಾ ಬೆಳಗ್ಗೆ ಎದ್ದು, ಇವತ್ತು ಹೇಳ್ತಾಳೆ ಅಂತ ಕಾದೆ. ಆಮೇಲೆ ಕಾಯೋಕೆ ನಂಗೇ ನಾಚಿಕೆ ಆಯ್ತು."

ನಾನು ಅಳುತ್ತಿದ್ದೆ. ಅವರು ಅಳು ನಿಲ್ಲಿಸು ಎನ್ನಲಿಲ್ಲ, ಮುಟ್ಟಲೂ ಇಲ್ಲ. ತಪ್ಪಾಯ್ತು ಎಂದೆ. ಹೂಂ ಎಂದರು. ಮನೆಗೆ ಬರ್ರಿ ಎಂದೆ.

"ಯಾರ ಮನೆಗೆ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳಿದಂತಿತ್ತು. ಆಮೇಲೆ, "ಅನ್ನ ಆಗೈತೆ. ಉಂಡು ಹೋಗು. ನಿನ್ನ ಬಸ್ಸು ಮೂರು ಗಂಟೆಗೆ" ಎಂದರು. ಬಡಿಸಿದರು. ನಾನು ಉಂಡೆ. ರುಚಿ ಗೊತ್ತಾಗಲಿಲ್ಲ.

ಮನೆಗೆ ಬಂದವಳೇ ಅತ್ತೆಗೆ ಹೇಳಿದೆ. ಅವರು ಮೊರದಲ್ಲಿ ಕಡಲೆಕಾಯಿ ಬೀಜ ಆರಿಸುತ್ತಿದ್ದರು. ಎಲ್ಲ ಕೇಳಿ ಮೊರವನ್ನು ನೆಲಕ್ಕಿಟ್ಟರು.

"ಬೈತಿದ್ದೆ" ಎಂದರು. "ಹೇಳಿದ್ರೆ ಬೈತಿದ್ದೆ. ಅಷ್ಟೇ ತಾನೆ? ಬೈದು ಆಸ್ಪತ್ರೆಗೆ ಕರ್ಕಂಡು ಹೋಗ್ತಿದ್ದೆ."

ಆ ಮಾತು ನನಗೆ ತಾಗಿದಷ್ಟು ಬೇರೆ ಯಾವುದೂ ತಾಗಲಿಲ್ಲ.

ಅತ್ತೆ ಆ ವಾರವೇ ಮಾವನವರನ್ನು ಕರೆದುಕೊಂಡು ಹಿರಿಯೂರಿಗೆ ಹೋದರು. ಸಣ್ಣತ್ತೆ ಇಬ್ಬರನ್ನೂ ಚೆನ್ನಾಗಿ ಮಾತನಾಡಿಸಿದರಂತೆ, ಕಾಫಿ ಕೊಟ್ಟರಂತೆ. ಬರುವುದಿಲ್ಲ ಎಂದರಂತೆ.

ಸಣ್ಣತ್ತೆ ಮತ್ತೆ ಒಮ್ಮೆ ಮಾತ್ರ ಆ ಮನೆಗೆ ಬಂದರು, ಮಾವನವರು ತೀರಿಕೊಂಡಾಗ. ಅಣ್ಣನ ತಲೆಯ ಹತ್ತಿರ ಕೂತು ಹಣೆಯ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಮಣ್ಣು ಮಾಡಿ ಎಲ್ಲರೂ ಬಂದ ಮೇಲೆ ನಾನು ನೀರು ತಂದುಕೊಟ್ಟೆ. ಲೋಟ ತೆಗೆದುಕೊಂಡು ಕುಡಿಯದೆ ಪಕ್ಕಕ್ಕೆ ಇಟ್ಟರು. ಅತ್ತೆ ಅವರ ಕೈ ಹಿಡಿದು, "ಇವತ್ತೊಂದು ದಿನ ಇರು" ಎಂದರು. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಸಂಜೆಯ ಬಸ್ಸಿನ ಹಾರನ್ ಕೇಳಿಸಿದಾಗ ಎದ್ದು ಹೊರಟರು.